ಬಚ್ಚಲುಮನೆಯ ಚಿಲಕ

ಚಾಮರಾಜಪೇಟೆಯ ವೃಷಭೇಂದ್ರಪ್ಪನವರ ಮನೆಯಲ್ಲಿ ಬೀದಿ ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಬೀರುವಿಗೆ ಬೀಗ, ಸಕ್ಕರೆ ಡಬ್ಬಿ ಇಡುವ ಗೂಡಿಗೂ ಒಂದು ಕೊಂಡಿ ಇತ್ತು. ಬಚ್ಚಲುಮನೆಗೆ ಮಾತ್ರ ಒಳಗಡೆ ಏನೂ ಇರಲಿಲ್ಲ. ಗಂಡಸರು ಸ್ನಾನಕ್ಕೆ ಹೋದರೆ ಆಗಾಗ ಕೆಮ್ಮುತ್ತಿದ್ದರು, ಹೆಂಗಸರು ಹೋದರೆ ಬಾಗಿಲ ಮೇಲೆ ಸೀರೆ ಇಳಿಬಿಡುತ್ತಿದ್ದರು. ಚಿಲಕ ಹಾಕಿಸಲು ಕಾಸಿಲ್ಲದ ಮನೆಯೇನಲ್ಲ ಅದು. ಮನೆಯ ಯಜಮಾನಿ ದಾಕ್ಷಾಯಣಮ್ಮ ಯಾವ ಹೊತ್ತಿನಲ್ಲಾದರೂ ಬಾಗಿಲು ತಳ್ಳಿಕೊಂಡು ಬಂದು, ಮೀಯುತ್ತಿರುವವರ ಬೆನ್ನು ಉಜ್ಜಬಹುದು ಎನ್ನುವುದು ಅಲ್ಲಿನ ಕಾನೂನು. ಹೆಣ್ಣುಮಕ್ಕಳಿಗಂತೂ ಮದುವೆಯಾಗಿ ಹೋಗುವ ತನಕ ಶುಕ್ರವಾರದ ಎಣ್ಣೆನೀರು ಅವರ ಕೈಯಿಂದಲೇ ಆಗಬೇಕು.

ಆ ಕೈಗೆ ಬೀದಿಯಲ್ಲೆಲ್ಲ ಹೆಸರಿತ್ತು. ಬಾಣಂತಿಯರಿಗೆ, ಮದುವಣಗಿತ್ತಿಯರಿಗೆ, ಹಸುಗೂಸುಗಳಿಗೆ ನೀರೆರೆದ ಕೈ. ಅಷ್ಟೇ ಅಲ್ಲ, ಕಾಟನ್‌ಪೇಟೆಯ ಅಂಗಡಿಯಲ್ಲಿ ಅವರ ಗಂಡ ಮಾರುತ್ತಿದ್ದ ಪೊಟ್ಟಣದ ಮೇಲಿದ್ದದ್ದೂ ಅವರದೇ ಹೆಸರು: ‘ದಾಕ್ಷಾಯಣಿ ಸ್ನಾನದ ಪುಡಿ’. ಸೀಗೆಕಾಯಿ, ಅಂಟುವಾಳ, ಹೆಸರುಕಾಳು, ಕಚೋರ ಎಲ್ಲ ಬಿಸಿಲಿಗೆ ಒಣಗಿಸಿ ಗಿರಣಿಗೆ ಹಾಕಿಸಿದ್ದು. ಪೊಟ್ಟಣದ ಕೆಳತುದಿಯಲ್ಲಿ ಒಂದು ಸಾಲು ಇರುತ್ತಿತ್ತು: ‘ನಮ್ಮ ಮನೆಯವರೆಲ್ಲ ಮೀಯುವುದು ಇದರಲ್ಲೇ.’

ವೃಷಭೇಂದ್ರಪ್ಪ ಆ ಸಾಲನ್ನು ಅಂದಕ್ಕೆ ಹಾಕಿಸಿದ್ದಲ್ಲ. ಅವರು ಸುಳ್ಳು ಮಾರುವ ವ್ಯಾಪಾರಿಯಲ್ಲ. ತಕ್ಕಡಿಗೆ ಪೊಟ್ಟಣ ಇಟ್ಟರೆ ಎದುರು ತಟ್ಟೆಗೆ ತೂಕದ ಕಲ್ಲಿನ ಜೊತೆ ಖಾಲಿ ಪೊಟ್ಟಣವೊಂದನ್ನೂ ಹಾಕಿ ತೂಗುವ ಮನುಷ್ಯ. ಪೇಟೆಯಲ್ಲಿ ಅಂಥವರು ಬಹಳ ಜನ ಇರಲಿಲ್ಲ, ಅದನ್ನು ಒಪ್ಪಬೇಕು. ಆದರೆ ಆ ಒಂದು ಸಾಲು ನಿಜವಾಗಿ ಉಳಿಯಬೇಕೆಂದು ಮನೆಯ ಅಷ್ಟೂ ಜನರ ಮೈಗೆ ವರ್ಷಪೂರ್ತಿ ಆ ಪುಡಿ ಬೀಳುತ್ತಿತ್ತು, ಒಗ್ಗಲಿ ಬಿಡಲಿ.

ಒಗ್ಗದೆ ಹೋದದ್ದು ಮೊಮ್ಮಗಳು ಶಿವಾನಿಗೆ. ಹದಿನಾರು ವರ್ಷ, ಬಸವನಗುಡಿಯ ಕಾಲೇಜಿನಲ್ಲಿ ಮೊದಲ ಪಿಯುಸಿ. ತೊಂಬತ್ತಾರನೇ ಇಸವಿ, ಗೌರಿ ಹಬ್ಬ ಕಳೆದು ಗಾಳಿ ಒಣಗತೊಡಗಿದ ಮೇಲೆ ಅವಳ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆ ಎಲ್ಲ ಒರಟಾಗಿ ಕೆಂಪಾದವು. ಪರಚಿಕೊಂಡಲ್ಲಿ ಬಿರುಕು ಬಿಟ್ಟಿತು. ಅವಳು ಸೆಕೆಯಲ್ಲೂ ಉದ್ದ ತೋಳಿನ ಚೂಡಿದಾರ್ ಹಾಕತೊಡಗಿದಳು.

“ಉಷ್ಣ ಕಣೆ ಅದು. ಕೊಳೆ ಒಳಗೆ ಕೂತ್ಬಿಟ್ಟಿದೆ,” ಎಂದರು ದಾಕ್ಷಾಯಣಮ್ಮ. ಶುಕ್ರವಾರ ಬೆಳಿಗ್ಗೆ ಹಂಡೆಯ ನೀರು ಕುದಿಯುತ್ತಿತ್ತು. ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದ ಶಿವಾನಿಯ ತೋಳು ಹಿಡಿದು ಪುಡಿ ಹಾಕಿ ಉಜ್ಜಿದರು.

“ಅಜ್ಜೀ, ಉರೀತಿದೆ!”

“ಉರೀಲಿ. ಉರಿದ್ರೇನೇ ಕೊಳೆ ಬಿಡೋದು.”

“ಬಿಡ್ತಿರೋದು ಕೊಳೆ ಅಲ್ಲ ಅಜ್ಜಿ, ಚರ್ಮ!”

“ಬಾಯಿ ಜಾಸ್ತಿ ಆಯ್ತು ನಿಂದು. ನಿಮ್ಮತ್ತೆಯರಿಬ್ಬರೂ ಇದೇ ಮಣೆ ಮೇಲೆ ಕೂತು ಬೆಳೆದೋರು. ಒಬ್ಬಳಾದ್ರೂ ಕಿರುಚಿದ್ಲಾ? ತಿರುಗು ಈ ಕಡೆ.”

ಅಡುಗೆಮನೆಯಲ್ಲಿ ಸೊಸೆ ಸರ್ವಮಂಗಳ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಳು. ಮಗಳ ಕೂಗು ಕೇಳಿ ಕೈ ನಿಂತುಹೋಯಿತು, ಸಾಸಿವೆ ಸೀದು ಹೊಗೆ ಎದ್ದಿತು. ನಡುಮನೆಯಲ್ಲಿ ಕೂತಿದ್ದ ಅವಳ ಗಂಡ ಮನೋಹರ್ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಮುಖಕ್ಕೆ ಅಡ್ಡ ಹಿಡಿದ. ಮನೋಹರ್ ಒಳ್ಳೆಯವನೇ. ಅಪ್ಪನ ಅಂಗಡಿಯಲ್ಲಿ ದುಡಿಯುತ್ತಿದ್ದ, ಅಮ್ಮನಿಗೆ ಎದುರಾಡುತ್ತಿರಲಿಲ್ಲ, ಹೆಂಡತಿಯನ್ನು ಬೈಯುತ್ತಿರಲಿಲ್ಲ. ಒಟ್ಟಿನಲ್ಲಿ ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ.

ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಂಗಳ ಮಗಳ ಹಾಸಿಗೆಯ ದುಪ್ಪಟಿ ಹರವಿದಳು. ಅಲ್ಲಲ್ಲಿ ರಕ್ತದ ಚುಕ್ಕೆಗಳು. ರಾತ್ರಿಯೆಲ್ಲ ನಿದ್ದೆಗಣ್ಣಲ್ಲಿ ಪರಚಿಕೊಂಡಿದ್ದಳು ಹುಡುಗಿ. ಮಂಗಳ ಆ ಮನೆಗೆ ಬಂದ ಮೇಲೆ ದನಿ ಎತ್ತಿ ಮಾತಾಡಿದ್ದೇನಾದರೂ ಇದ್ದರೆ ಹಾಲಿನವನ ಹತ್ತಿರ ಮಾತ್ರ. ಅಂಥವಳು ಆ ದುಪ್ಪಟಿಯನ್ನು ಕಲ್ಲಿನ ಮೇಲೇ ಬಿಟ್ಟು ನೆಟ್ಟಗೆ ಅತ್ತೆಯ ಮುಂದೆ ಹೋಗಿ ನಿಂತಳು.

“ಅತ್ತೆ, ಗಾಂಧಿಬಜಾರಿಗೆ ಹೋಗ್ಬರ್ತೀನಿ. ಹೂವು ತರ್ಬೇಕು. ಶಿವಾನಿನೂ ಬರ್ತಾಳೆ,” ಎಂದಳು.

“ಹೂವು ಬೀದೀಲೇ ಬರತ್ತಲ್ಲ?”

“ಅಲ್ಲಿ ಚೆನ್ನಾಗಿರತ್ತೆ.”

ಇಬ್ಬರೂ ನೆಟ್ಟಗೆ ಹೋದದ್ದು ಚರ್ಮದ ಡಾಕ್ಟರ್ ಹತ್ತಿರ. ಡಾಕ್ಟರ್ ಪ್ರಿಯಂವದಾ ಕನ್ನಡಕ ಮೇಲಕ್ಕೆ ಸರಿಸಿ ಶಿವಾನಿಯ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಸ್ನಾನಕ್ಕೆ ಏನಮ್ಮ ಹಾಕ್ಕೋತೀಯ?”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ದಾಕ್ಷಾಯಣಿ ಸ್ನಾನದ ಪುಡಿ,” ಎಂದಳು ಶಿವಾನಿ.

“ಓ, ಅದಾ? ನಮ್ಮತ್ತೆನೂ ಅದನ್ನೇ ತರಿಸ್ತಾರೆ. ಪುಡಿ ಕೆಟ್ಟದು ಅಂತ ನಾನು ಹೇಳಲ್ಲ. ನಿನಗೆ ಬೇಡ ಅಷ್ಟೇ. ನಿನ್ನ ಚರ್ಮದಲ್ಲಿ ಜಿಡ್ಡೇ ಕಮ್ಮಿ. ಇರೋ ಚೂರುಪಾರು ಜಿಡ್ಡನ್ನೂ ಸೀಗೆಕಾಯಿ ಎಳ್ಕೊಂಡುಬಿಟ್ರೆ ತುರಿಸದೆ ಇನ್ನೇನಾಗತ್ತೆ? ಯಾರು ಉಜ್ಜೋದು ಹೀಗೆ?”

“ನಮ್ಮತ್ತೆ,” ಎಂದಳು ಮಂಗಳ.

“ಮೈಯೇನು ಹಿತ್ತಾಳೆ ಪಾತ್ರೆನಾ, ಹುಣಿಸೆಹಣ್ಣು ಹಾಕಿ ಬೆಳಗೋಕೆ? ನೀರು ಬೆಚ್ಚಗಿದ್ರೆ ಸಾಕು, ಮುಂಗೈಗೆ ಬಿಟ್ಟುಕೊಂಡ್ರೆ ಬಿಸಿ ಅನ್ನಿಸ್ಬಾರದು. ಬೇಗ ಸ್ನಾನ ಮುಗಿಸ್ಬೇಕು. ಮೆತ್ತನೆ ಸೋಪು ಬರ್ಕೊಡ್ತೀನಿ, ಅದೂ ಕಂಕುಳು, ಕಾಲು, ಬೆವರೋ ಕಡೆ ಮಾತ್ರ. ಅಂಗೈಯಲ್ಲೇ ಸವರ್ಕೊಂಡು ತೊಳ್ಕೊ. ನಾರು, ಬ್ರಷ್ಷು, ಪುಡಿ ಯಾವುದೂ ಬೇಡ. ಟವಲಿನಲ್ಲಿ ಒತ್ತಿ ನೀರು ತೆಗೀಬೇಕು, ಉಜ್ಬಾರದು. ಮೈ ಹಸಿ ಇದ್ದಾಗ್ಲೇ ಈ ಮುಲಾಮು ಹಚ್ಕೊ. ಕೆಂಪಿಳಿದು ಬಿರುಕು ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆನೂ ಆಗತ್ತೆ.”

“ಇಷ್ಟೇನಾ ಡಾಕ್ಟರ್?” ಎಂದಳು ಶಿವಾನಿ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನ ನೀರು.

“ಇಷ್ಟೇ. ಆದ್ರೆ ಮನೇಲಿ ನಡೆಸ್ಕೊಳ್ಳೋದು ಕಷ್ಟ ಇದೆ ಅನ್ಸತ್ತೆ ನಿಮಗೆ.”

ಡಾಕ್ಟರ್ ಹೇಳಿದ್ದು ಸರಿಯಾಗಿತ್ತು. ಭಾನುವಾರ ಮಧ್ಯಾಹ್ನ ಮುದ್ದೆ, ಬಸ್ಸಾರು ಬಡಿಸಿದ ಮೇಲೆ ಶಿವಾನಿ ಎಲ್ಲರೆದುರು ಹೇಳಿಬಿಟ್ಟಳು. “ತಾತ, ನಾನಿನ್ನು ನಮ್ಮ ಪುಡೀಲಿ ಸ್ನಾನ ಮಾಡಲ್ಲ. ಡಾಕ್ಟರ್ ಬೇಡ ಅಂದಿದಾರೆ. ಅಜ್ಜಿ ನನಗೆ ನೀರೆರೆಯೋದೂ ಬೇಡ.”

ದಾಕ್ಷಾಯಣಮ್ಮನ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಯ ಬಾಯಿಗೆ ಬಡಿಯಿತು. “ಯಾವ ಡಾಕ್ಟ್ರು? ಯಾವಾಗ ಹೋಗಿದ್ರಿ?” ಎಂದು ಸೊಸೆಯ ಕಡೆ ತಿರುಗಿದರು. “ಹೂವಿಗೆ ಹೋದೋರು ಬರಿಗೈಲಿ ಬಂದಾಗ್ಲೇ ಅಂದ್ಕೊಂಡೆ!”

“ಹೌದು ಅತ್ತೆ, ನಾನೇ ಕರ್ಕೊಂಡು ಹೋಗಿದ್ದೆ,” ಎಂದಳು ಮಂಗಳ.

ವೃಷಭೇಂದ್ರಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ಮಗು, ಪೊಟ್ಟಣದ ಮೇಲೆ ಏನು ಬರೆದಿದೆ ಗೊತ್ತಲ್ವಾ?”

“ಗೊತ್ತು ತಾತ.”

“ಗಿರಾಕಿ ಓದ್ಕೊಂಡು ನಂಬಿ ತಗೊಂಡು ಹೋಗ್ತಾನೆ. ನೀನು ಬೇರೇದ್ರಲ್ಲಿ ಮಿಂದ್ರೆ ನಾನು ಸುಳ್ಳುಗಾರ ಆಗ್ತೀನಿ.”

“ಹಾಗಂತ ನನ್ನ ಚರ್ಮ ಸುಲೀಬೇಕಾ?”

“ಶಿವಾನೀ!” ಎಂದು ಮನೋಹರ್ ಗದರಿದ. ಆ ಊಟದಲ್ಲಿ ಅವನು ಆಡಿದ್ದು ಅದೊಂದೇ ಮಾತು.

ಶಿವಾನಿ ಮಾರನೆಯ ದಿನ ಕಾಲೇಜಿನಿಂದ ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಚಿಲಕ ಕೊಂಡು ತಂದಳು. ಬಚ್ಚಲುಮನೆಯ ಬಾಗಿಲು ಹಳೇ ಕಾಲದ ಹೊನ್ನೆ ಮರದ್ದು. ಸ್ಕ್ರೂ ಹಿಡಿಯಲಿಲ್ಲ, ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿಗೆ ಬಡಿಯಿತು. ಅವಳು ಹಲ್ಲುಕಚ್ಚಿ ಮತ್ತೆ ತಿರುಗಿಸಿದಳು. ಬಾಗಿಲು ಅಲ್ಲಾಡುವ ಸದ್ದಿಗೆ ದಾಕ್ಷಾಯಣಮ್ಮ ಹಿತ್ತಲಿನಿಂದ ಓಡಿಬಂದರು.

“ಏನೇ ಇದು?”

“ಚಿಲಕ.”

“ಕಾಣ್ತಿದೆ. ಯಾಕೆ ಅಂತ ಕೇಳಿದ್ದು.”

“ನೀನು ಬರ್ಬಾರ್ದು ಅಂತ.”

ಎದುರಿಗೆ ನಿಂತು ಹಾಗೆ ಹೇಳಿದವರು ಆ ಮನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಅಂಗಡಿಯಿಂದ ಬಂದ ಮನೋಹರ್ ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ನೋಡುತ್ತಾ ನಿಂತ.

“ಮೊದಲು ಮೊಳೆ ಹೊಡೆದು ತೂತು ಮಾಡ್ಕೋಬೇಕು. ಸ್ಕ್ರೂಗೆ ಒಂದು ತೊಟ್ಟು ಎಣ್ಣೆ ಹಚ್ಚು,” ಎಂದು ಹೇಳಿ ಬಾಗಿಲಿಗೆ ಭುಜ ಕೊಟ್ಟು ಹಿಡಿದುಕೊಂಡ.

“ನೀನೂನಾ ಮನೋಹರ?” ಎಂದರು ತಾಯಿ.

“ಬಾಗಿಲು ಅಲ್ಲಾಡ್ತಿತ್ತಮ್ಮ. ಹಿಡ್ಕೊಂಡೆ ಅಷ್ಟೇ.”

ಚಿಲಕ ಕೂತಿತು. ಆ ಸಂಜೆಯಿಂದ ಮನೆ ಎರಡು ಭಾಗವಾಯಿತು. ದಾಕ್ಷಾಯಣಮ್ಮ ಸೊಸೆ ಮಾಡಿದ್ದನ್ನು ಮುಟ್ಟದೆ ತಾವೇ ಅವಲಕ್ಕಿ ನೆನೆಸಿಕೊಂಡು ತಿನ್ನತೊಡಗಿದರು. ಬೆಳಿಗ್ಗೆ ಹಂಡೆಯ ಒಲೆಗೆ ಬೆಂಕಿ ಹಾಕುವುದು ಅವರ ಕೆಲಸ. “ಯಾರಿಗೆ ನನ್ನ ನೀರು ಬೇಡವೋ ಅವರು ಬೇರೆ ಕಾಯಿಸ್ಕೊಳ್ಳಲಿ” ಎಂದು ಗೋಡೆಗೆ ಹೇಳಿದರು. ಮಂಗಳ ಗ್ಯಾಸಿನ ಮೇಲೆ ಒಂದು ಪಾತ್ರೆ ನೀರಿಟ್ಟಳು.

“ಸಿಲಿಂಡರ್ ಎಷ್ಟು ದಿನ ಬರತ್ತೆ ನೋಡ್ತೀನಿ!”

“ಉಗುರು ಬೆಚ್ಚಗಾದ್ರೆ ಸಾಕು ಅತ್ತೆ. ನಿಮ್ಮ ಕಾಫಿಗಿಂತ ಕಮ್ಮಿ ಗ್ಯಾಸು.”

ಶಿವಾನಿ ಒಳಗೆ ಹೋಗುತ್ತಿದ್ದಳು, ಚಿಲಕ ಬೀಳುತ್ತಿತ್ತು. ಚೊಂಬಿನ ಸದ್ದು ಸ್ವಲ್ಪ ಹೊತ್ತು ಕೇಳಿ ನಿಲ್ಲುತ್ತಿತ್ತು. ಅವಳು ಹೊರಬಂದಾಗ ಮೈಯಿಂದ ಹಬೆ ಏಳುತ್ತಿರಲಿಲ್ಲ, ಮುಖ ಕೆಂಪಾಗಿರುತ್ತಿರಲಿಲ್ಲ. “ಇದೂ ಒಂದು ಸ್ನಾನನಾ? ಬೆಕ್ಕು ಮೈ ನೆಕ್ಕೊಂಡ ಹಾಗೆ,” ಎಂದು ಅಜ್ಜಿ ಮೂಗು ಮುರಿದರು. ಪಕ್ಕದ ಮನೆಯ ಶೈಲಜಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, “ಏನ್ರೀ ಮಂಗಳಾ, ಶುಕ್ರವಾರ ಶಿವಾನಿ ಕೂಗೇ ಕೇಳ್ಸಲ್ಲ ಈಗ?” ಎಂದರು. ಅಂದರೆ ಇಷ್ಟು ದಿನ ಬೀದಿಯವರೆಲ್ಲ ಆ ಕೂಗು ಕೇಳಿಸಿಕೊಂಡೇ ತಿಂಡಿ ತಿಂದಿದ್ದರು.

ದಸರಾ ಕಳೆಯಿತು. ಶಿವಾನಿಯ ಮೊಣಕೈ ಮಡಿಕೆಯ ಕೆಂಪು ಇಳಿದು ಕಂದಾಯಿತು. ಬಿರುಕು ಮುಚ್ಚಿತು. ಒಂದು ಬೆಳಿಗ್ಗೆ ಅವಳು ಗಿಡ್ಡ ತೋಳಿನ ಚೂಡಿದಾರ್ ಹಾಕಿಕೊಂಡು ಕಾಲೇಜಿಗೆ ಹೊರಟಳು. ಮಂಗಳ ಗೇಟಿನ ತನಕ ಹೋಗಿ ಅವಳ ಬರಿ ತೋಳುಗಳನ್ನೇ ನೋಡುತ್ತಾ ನಿಂತಳು. ಅಷ್ಟು ಸಂತೋಷ ಅವಳಿಗೆ ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಆದರೆ ದೀಪಾವಳಿ ಹತ್ತಿರ ಬಂತು. ವರ್ಷದ ಮುಕ್ಕಾಲು ಪಾಲು ವ್ಯಾಪಾರ ಆ ಹಬ್ಬಕ್ಕೇ. ಪ್ರೆಸ್ಸಿನ ಶ್ರೀನಿವಾಸಯ್ಯ ಎರಡು ಸಲ ಹೇಳಿ ಕಳಿಸಿದರು: ಪೊಟ್ಟಣಕ್ಕೆ ಹಳೇ ಮ್ಯಾಟರೇ ತಾನೇ, ಅಚ್ಚು ಹಾಕಲಾ? ವೃಷಭೇಂದ್ರಪ್ಪ ಹೂಂ ಅನ್ನಲಿಲ್ಲ. ಕೊನೆಯ ಸಾಲು ಈಗ ನಿಜವಾಗಿರಲಿಲ್ಲ. ಬೇರೆ ಯಾವ ವ್ಯಾಪಾರಿಯಾದರೂ ಕಣ್ಣು ಮುಚ್ಚಿ ಅಚ್ಚು ಹಾಕಿಸುತ್ತಿದ್ದ, ಈ ಕತೆ ಹೇಳುತ್ತಿರುವ ನಾನಾದರೂ ಹಾಕಿಸುತ್ತಿದ್ದೆ. ಅವರು ಬದಲಿಗೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಕಡಲೆಮಿಠಾಯಿ ಕೊಟ್ಟರು.

“ನೋಡು ಮಗು, ವರ್ಷಪೂರ್ತಿ ನಿನ್ನಿಷ್ಟ. ಹಬ್ಬದ ದಿನ ಮಾತ್ರ ಒಂದು ಚಿಟಿಕೆ ಪುಡಿ ಅಂಗೈಗೆ ಹಚ್ಕೊಂಡು ತೊಳ್ಕೊಂಡುಬಿಡು. ನನ್ನ ಮಾತು ಉಳಿಯತ್ತೆ.”

“ತಾತ, ಅದು ಸುಳ್ಳಲ್ವಾ?”

“ಹೇಗೆ ಸುಳ್ಳು? ಹಚ್ಚಿರ್ತೀಯಲ್ಲ.”

“ಕಾಲು ಕೇಜಿ ಅಂತ ಹೇಳಿ ನೀವು ತಕ್ಕಡೀಲಿ ಒಂದು ಚಿಟಿಕೆ ಇಟ್ಟು ಕೊಡ್ತೀರಾ?”

ಮುದುಕರ ಮುಖ ಕಪ್ಪಾಯಿತು. ಬಾಗಿಲಲ್ಲಿ ನಿಂತಿದ್ದ ಮನೋಹರ್, “ಒಂದು ಚಿಟಿಕೆ ತಾನೇ ಪುಟ್ಟಿ, ತಾತನಿಗೋಸ್ಕರ ಹಚ್ಕೊಂಡ್ರೆ ಏನು ಹೋಗತ್ತೆ?” ಎಂದ.

“ಒಂದು ಚಿಟಿಕೆನೂ ಇಲ್ಲ ಅಪ್ಪ. ಇವತ್ತು ಚಿಟಿಕೆ, ನಾಳೆ ಹಿಡಿ, ನಾಡಿದ್ದು ಅಜ್ಜಿ ಒಳಗಿರ್ತಾಳೆ,” ಎಂದು ಶಿವಾನಿ ಕಡಲೆಮಿಠಾಯಿಯನ್ನು ತಟ್ಟೆಗೆ ವಾಪಸು ಇಟ್ಟು ಎದ್ದುಹೋದಳು. ಹಟಮಾರಿ ಎಂದು ಮನೆಯವರು ಅಂದುಕೊಂಡರು. ಚಿಟಿಕೆಗೆ ಒಪ್ಪಿದ್ದಿದ್ದರೆ ಗೆದ್ದದ್ದೆಲ್ಲ ಹೋಗುತ್ತಿತ್ತು ಎನ್ನುವುದು ಆ ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

ಆ ವಾರ ಬಟ್ಟೆ ಒಣಹಾಕುತ್ತಿದ್ದ ಮಂಗಳ ಹಗ್ಗದ ಮುಂದೆ ನಿಂತುಬಿಟ್ಟಳು. ಆ ಪುಡಿಯಲ್ಲಿ ಮಿಂದವರ ಟವಲಿಗೆ ಎಷ್ಟು ಒಗೆದರೂ ಹೋಗದ ಕಂದು ಛಾಯೆ ಹತ್ತುತ್ತದೆ, ನೇಯ್ಗೆಯ ಸಂದಿಯಲ್ಲಿ ಸಣ್ಣ ತರಿ ಕೂತಿರುತ್ತದೆ. ಮಾವನ ಟವಲು ಕಂದು, ಗಂಡನದು ಕಂದು, ಅವಳದೂ ಕಂದು. ಶಿವಾನಿಯ ಹೊಸ ಟವಲು ಬೆಳ್ಳಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಬಿಳಿ ಟವಲು ಗಾಳಿಗೆ ಆಡುತ್ತಿತ್ತು. ಅದು ಅತ್ತೆಯದು. ಹಳೇ ಟವಲು, ಅಂಚು ಹರಿದಿತ್ತು, ಒಂದು ಕಲೆಯೂ ಇರಲಿಲ್ಲ. ಮಂಗಳ ಅದನ್ನು ಮೂಸಿ ನೋಡಿದಳು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ಇಷ್ಟು ದಿನ ತಾನೇ ಒಗೆದು ತಾನೇ ಹರವಿದ ಟವಲು, ಜೊತೆಗೆ ಇನ್ನೊಂದು ಬಿಳಿಯದು ಬರುವ ತನಕ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಧರಿಸಿದ್ದ ವೃಷಭೇಂದ್ರಪ್ಪ ಎಲ್ಲರನ್ನೂ ನಡುಮನೆಗೆ ಕರೆದರು. ಬಹಳ ದಿನಗಳ ಮೇಲೆ ದಾಕ್ಷಾಯಣಮ್ಮನೂ ಬಂದು ಕಂಬಕ್ಕೆ ಒರಗಿ ಕೂತರು.

“ಪ್ರೆಸ್ಸಿಗೆ ಇವತ್ತು ಹೇಳ್ಬೇಕು,” ಎಂದರು ವೃಷಭೇಂದ್ರಪ್ಪ. “ಈ ಪುಡಿಗೆ ನನ್ನ ಹೆಂಡತಿಯ ಹೆಸರಿಟ್ಟಾಗಿನಿಂದ ಆ ಸಾಲು ನಿಜ. ನಮ್ಮಮ್ಮ ಸಾಯೋ ಹಿಂದಿನ ದಿನವೂ ಇದರಲ್ಲೇ ಮಿಂದಳು. ಈ ಮನೇಲಿ ಅದನ್ನ ಮುರಿದೋಳು ಇವಳೊಬ್ಬಳೇ. ಬೇರೆ ಒಂದು ಪ್ರಾಣಿಯೂ ಮುರಿದಿಲ್ಲ. ಬೇಕಾದ್ರೆ ಲಿಂಗ ಮುಟ್ಟಿ ಹೇಳ್ತೀನಿ.” ಅವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯ ಕಡೆ ಹೋಯಿತು.

“ಮಾವ, ಬೇಡಿ! ಆಣೆ ಹಾಕ್ಬೇಡಿ!” ಎಂದಳು ಮಂಗಳ. ಅವಳಿಗೇ ಗೊತ್ತಿಲ್ಲದೆ ಎದ್ದು ನಿಂತಿದ್ದಳು.

ಮುದುಕರ ಕೈ ಅಲ್ಲೇ ನಿಂತಿತು. “ಯಾಕಮ್ಮ?”

ಮಂಗಳ ತಲೆ ತಗ್ಗಿಸಿದಳು. ಅತ್ತೆಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ದಾಕ್ಷಾಯಣಮ್ಮನಿಗೆ ಇವಳಿಗೆ ಗೊತ್ತಾಗಿದೆ ಎಂದು ತಿಳಿಯಿತು. ಅವರು ಕಂಬ ಹಿಡಿದುಕೊಂಡು ಎದ್ದರು. ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆತ್ತಿದರು. ಮೊಣಕಾಲಿನ ಕೆಳಗೆ ಚರ್ಮ ಒಣಗಿ, ಕೆರೆ ಬತ್ತಿದ ಜಾಗದ ಮಣ್ಣಿನಂತೆ ಸೀಳಿತ್ತು. ಹಳೇ ಗೀರುಗಳ ಕಲೆ ಇತ್ತು.

“ಎರಡು ಚಳಿಗಾಲದಿಂದ ನಾನು ಹಚ್ಕೊಳ್ತಿಲ್ಲ,” ಎಂದರು. “ತಲೆಗೂ ಇಲ್ಲ, ಮೈಗೂ ಇಲ್ಲ. ಬರೀ ನೀರು ಹಾಕ್ಕೊಂಡು ಎಣ್ಣೆ ಸವರ್ಕೊಳ್ತೀನಿ. ಹಚ್ಕೊಂಡ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ.”

“ದಾಕ್ಷಾಯಣೀ!”

“ಹೌದ್ರೀ. ಆ ಹೆಸರಿನೋಳಿಗೇ ಆ ಪುಡಿ ಆಗಲ್ಲ ಅಂತ ಹ್ಯಾಗೆ ಹೇಳ್ಲಿ ನಿಮಗೆ? ಅಂಗಡಿ ಮುಂದೆ ನಗಾಡ್ತಿದ್ರು.”

ಮೊದಲು ಬಾಯಿ ಬಿಟ್ಟವಳು ಶಿವಾನಿ. ಅವಳಿಗೆ ಅಜ್ಜಿಯ ಕಾಲು ನೋಡಿ ಅಯ್ಯೋ ಅನ್ನಿಸಿತು ಎಂದು ನೀವು ಅಂದುಕೊಂಡರೆ ತಪ್ಪು. ಅವಳಿಗೆ ಬಂದದ್ದು ಸಿಟ್ಟು.

“ಉರಿಯತ್ತೆ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಹಚ್ಚಿದ್ಯಾ ಅಜ್ಜಿ?”

“ನಂದು ಮುದಿ ಚರ್ಮ ಕಣೆ. ನಿಂದು ಎಳೇದು, ತಡ್ಕೊಳ್ಳತ್ತೆ, ಉಜ್ಜಿದ್ರೆ ಹೋಗತ್ತೆ ಅಂದ್ಕೊಂಡೆ.”

“ನಾನು ಕಿರುಚ್ತಿದ್ದೆ!”

ದಾಕ್ಷಾಯಣಮ್ಮ ನೆರಿಗೆ ಇಳಿಬಿಟ್ಟರು. “ಕಿರುಚ್ತಿದ್ದೆ,” ಎಂದರು. “ನಿನಗೆ ಬಿಡಿಸಿದ್ರೆ ನಾಳೆ ನನ್ನನ್ನೂ ಕೇಳ್ತಾರೆ ಅಂತ ಹೆದರಿಕೆ ಇತ್ತು. ಅದೂ ಇತ್ತು.”

ಶಿವಾನಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ವೃಷಭೇಂದ್ರಪ್ಪ ಕರಡಿಗೆಯ ಕಡೆ ಹೋಗಿದ್ದ ಕೈಯನ್ನು ಕೆಳಗಿಳಿಸಿದರು. ಎರಡು ವರ್ಷದಿಂದ ಪ್ರತಿ ಪೊಟ್ಟಣದ ಜೊತೆ ತಾವು ಒಂದು ಸುಳ್ಳನ್ನೂ ಕಟ್ಟಿಕೊಟ್ಟಿದ್ದೇವೆ ಎಂದು ಅವರಿಗೆ ಅರ್ಥವಾಯಿತು. ಆಮೇಲೆ ಎದ್ದು, ಕೋಟು ಹಾಕಿಕೊಂಡು, ತಿಂಡಿಯನ್ನೂ ತಿನ್ನದೆ ಪ್ರೆಸ್ಸಿಗೆ ನಡೆದರು. ಮನೋಹರ್ ಹಿಂದೆ ಓಡಿದ.

ಪ್ರೆಸ್ಸಿನಲ್ಲಿ ಅವರು ಹಳೇ ಪೊಟ್ಟಣದ ಕೊನೆಯ ಸಾಲಿನ ಮೇಲೆ ಗೀಟು ಎಳೆದು, ಅದರ ಕೆಳಗೆ ಬೇರೆ ಸಾಲು ಬರೆದು ಕೊಟ್ಟರು. ಶ್ರೀನಿವಾಸಯ್ಯ ಓದಿ ಕನ್ನಡಕ ತೆಗೆದರು. ‘ಒಣ ಚರ್ಮ, ತುರಿಕೆ, ಉರಿ ಇರುವವರು ಇದನ್ನು ಬಳಸಬೇಡಿ.’

“ಅಪ್ಪಾಜಿ, ತಮ್ಮ ಸಾಮಾನಿನ ಮೇಲೆ ಯಾರಾದ್ರೂ ಬಳಸಬೇಡಿ ಅಂತ ಹಾಕಿಸ್ತಾರಾ?” ಎಂದ ಮನೋಹರ್.

“ನಾನು ಹಾಕಿಸ್ತೀನಿ.”

“ಹಬ್ಬದ ವ್ಯಾಪಾರ!”

“ವ್ಯಾಪಾರ ಬಿದ್ರೆ ಬೀಳ್ಲಿ. ದೊಡ್ಡ ಅಕ್ಷರದಲ್ಲಿ ಹಾಕಿ ಶ್ರೀನಿವಾಸಯ್ಯನೋರೆ, ಕನ್ನಡಕ ಇಲ್ದೋರಿಗೂ ಕಾಣ್ಬೇಕು.”

ಮಗಳ ಹಟ ಎಲ್ಲಿಂದ ಬಂದದ್ದೆಂದು ಮನೋಹರನಿಗೆ ಅವತ್ತು ಗೊತ್ತಾಯಿತು. ಹೊಸ ಪೊಟ್ಟಣ ಬಂದ ದಿನ ಮಾವಳ್ಳಿಯ ಚಿಲ್ಲರೆ ಅಂಗಡಿಯ ನಂಜಪ್ಪ ಕಾಟನ್‌ಪೇಟೆಗೆ ಬಂದು, ಒಂದನ್ನು ಎತ್ತಿ ಓದಿ ಗಹಗಹಿಸಿ ನಕ್ಕ.

“ಏನ್ ಯಜಮಾನ್ರೆ ಇದು? ಯಾರಿಗ್ರೀ ಆಗಲ್ಲ ಈ ಪುಡಿ?”

“ದಾಕ್ಷಾಯಣಿಗೇ ಆಗಲ್ಲ,” ಎಂದರು ವೃಷಭೇಂದ್ರಪ್ಪ, ತಕ್ಕಡಿಯಿಂದ ಕಣ್ಣು ತೆಗೆಯದೆ. “ನನ್ನ ಮೊಮ್ಮಗಳಿಗೂ ಆಗಲ್ಲ. ನಿನಗೆ ಆಗೋದಾದ್ರೆ ತಗೊಂಡು ಹೋಗು.”

ನಂಜಪ್ಪನ ನಗು ನಿಂತಿತು. ಯೋಚನೆ ಮಾಡಿ ಯಾವಾಗಿನಷ್ಟೇ ಮೂಟೆ ತೆಗೆದುಕೊಂಡ. ಬೇರೆ ಕೆಲವರು ತೆಗೆದುಕೊಳ್ಳಲಿಲ್ಲ. ಹಬ್ಬದ ವ್ಯಾಪಾರ ಆ ವರ್ಷ ಇಳಿಯಿತು. ಕಜ್ಜಾಯಕ್ಕೆ ತುಪ್ಪದ ಬದಲು ಎಣ್ಣೆಯೇ ಗತಿಯಾಯಿತು, ಶಿವಾನಿಗೆ ಹೊಸ ಬಟ್ಟೆ ಒಂದೇ ಜೊತೆ. ವೃಷಭೇಂದ್ರಪ್ಪ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಅವರಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದವರು ಆ ದಿನಗಳಲ್ಲಿ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಶಿವಾನಿ ಮಾತ್ರ ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳು. ದಾಕ್ಷಾಯಣಮ್ಮ ಮತ್ತೆ ಪಂಕ್ತಿಯಲ್ಲಿ ಕೂತು ಊಟ ಮಾಡತೊಡಗಿದ್ದರು. ಡಾಕ್ಟರ್ ಬರೆದುಕೊಟ್ಟ ಸೋಪಿನಲ್ಲಿ ಇನ್ನೊಂದನ್ನು ಮಂಗಳ ತಂದು ಅವರ ಗೂಡಿನಲ್ಲಿಟ್ಟಿದ್ದಳು. ಅವರು ಬೇಡ ಎನ್ನಲಿಲ್ಲ. ಮೊಮ್ಮಗಳ ತಟ್ಟೆಗೆ ಏನಾದರೂ ಬಡಿಸಲು ಹೋದರೆ ಅವಳು ಕೈ ಅಡ್ಡ ಹಿಡಿಯುತ್ತಿದ್ದಳು.

ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬ ಬಂತು. ಸಂಜೆ ದಾಕ್ಷಾಯಣಮ್ಮ ಹಂಡೆಯನ್ನು ತೊಳೆದು ಬೆಳಗಿ, ವಿಭೂತಿ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬಿದರು. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಒಲೆ ಹೊತ್ತಿಸಿದರು. ಹಬೆ ಏಳುವ ಮೊದಲೇ ಸೌದೆ ಹೊರಗೆಳೆದು ಆರಿಸಿದರು. ಗಂಡಸರು ಬೇಕಾದರೆ ಆಮೇಲೆ ಕಾಯಿಸಿಕೊಳ್ಳಲಿ.

ಶಿವಾನಿ ಎದ್ದು ಬಂದು, ನೀರಿಗೆ ಮುಂಗೈ ಇಟ್ಟು ನೋಡಿದಳು. ಒಂದು ಬಕೆಟ್ ತೋಡಿಕೊಂಡು ಒಳಗೆ ಹೋದಳು. ಚಿಲಕ ಬಿತ್ತು.

ದಾಕ್ಷಾಯಣಮ್ಮ ಬಚ್ಚಲ ಹೊರಗೆ ನಿಂತರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಆ ಬಾಗಿಲನ್ನು ತಳ್ಳಿದ್ದರೇ ಹೊರತು ಒಂದು ಸಲವೂ ತಟ್ಟಿರಲಿಲ್ಲ. ಈಗ ಬೆರಳು ಮಡಿಸಿ ಮೆಲ್ಲಗೆ ತಟ್ಟಿದರು.

“ಯಾರು?”

“ನಾನು ಕಣೆ. ಹಬ್ಬದ ದಿನ. ಒಂದು ಚೊಂಬು ನೀರು ಎರೀಲಾ?”

ಒಳಗೆ ಚೊಂಬಿನ ಸದ್ದು ನಿಂತಿತು.

“ಬೇಡ ಅಜ್ಜಿ. ನಾನೇ ಹಾಕ್ಕೊಳ್ತೀನಿ.”

“ಪುಡಿ ತಂದಿಲ್ಲ ಕಣೆ. ಬರಿಗೈ.”

“ಬೇಡ ಅಂದ್ನಲ್ಲ.”

“ಆಯ್ತು,” ಎಂದರು ದಾಕ್ಷಾಯಣಮ್ಮ. ಹೋಗಲಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತರು. ಬೀದಿಯಲ್ಲಿ ಮೊದಲ ಪಟಾಕಿ ಸಿಡಿಯಿತು. ಶೈಲಜಮ್ಮನ ಮನೆಯಿಂದ ಸೀಗೆಕಾಯಿಯ ವಾಸನೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಮಂಗಳ ಕಾಫಿ ಲೋಟ ಹಿಡಿದು ನಿಂತಿದ್ದಳು, ಹತ್ತಿರ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ನೀರಿನ ಸದ್ದು ನಿಂತಿತು. ಚಿಲಕ ಸರಿಯಿತು. ಬಾಗಿಲು ಒಂದು ಅಡಿಯಷ್ಟು ತೆರೆಯಿತು. ಟವಲು ಸುತ್ತಿಕೊಂಡ ಶಿವಾನಿ ಬೆನ್ನು ತಿರುಗಿಸಿ ಹೊಸ್ತಿಲ ಒಳಗೆ ಕೂತಿದ್ದಳು. ಒದ್ದೆ ಬೆನ್ನ ಮೇಲೆ ಹನಿಗಳು ನಿಂತಿದ್ದವು.

“ಬೆನ್ನಿಗೆ ಕೈ ಎಟುಕ್ತಿಲ್ಲ,” ಎಂದಳು. “ಎಣ್ಣೆ ಮಾತ್ರ. ಉಜ್ಬಾರ್ದು.”

“ಉಜ್ಜಲ್ಲ.”

“ಉಜ್ಜಿದ್ರೆ ಬಾಗಿಲು ಹಾಕ್ತೀನಿ.”

“ಹಾಕ್ಕೊ,” ಎಂದರು ದಾಕ್ಷಾಯಣಮ್ಮ. ಅಂಗೈಗೆ ಎಣ್ಣೆ ಸುರಿದುಕೊಂಡು, ಎರಡೂ ಕೈ ಸೇರಿಸಿ ಬೆಚ್ಚಗೆ ಮಾಡಿಕೊಂಡು, ಮೊಮ್ಮಗಳ ಬೆನ್ನ ಮೇಲೆ ಇಟ್ಟರು. ಕೈಗೆ ಹಳೇ ಅಭ್ಯಾಸ, ಒತ್ತಲು ಹೋಯಿತು. ಅವರು ತಡೆದು ಹಿಡಿದರು.